ಶುಲ್ಕ ಒಟ್ಟಿಗೆ ಪಡೆದವರು ಹೊಣೆಯನ್ನೂ ಒಟ್ಟಿಗೆ ಹೊರಲಿ

ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯ ಕುಳಗಿಯೇ ಇರಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಬೇರಾವುದೇ ಹಳ್ಳಿಯಿರಲಿ, ಅಡವಿಡಲು ಹೊಲವೂ ಚಿನ್ನವೂ ಇಲ್ಲದ ಹೆಣ್ಣುಮಕ್ಕಳಿಗೆ ಸಾಲ ಹುಟ್ಟುವುದು ಒಬ್ಬರಿಗೊಬ್ಬರು ಹೊಣೆ ನಿಂತಾಗ. ನಬಾರ್ಡ್ ಹಾಕಿಕೊಟ್ಟ ಚೌಕಟ್ಟಿನಲ್ಲಿ ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಹೊಣೆಗಾರಿಕೆ ಗುಂಪು ಕಟ್ಟಿಕೊಳ್ಳುತ್ತಾರೆ. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಪಕ್ಕದ ಮನೆಯವಳ ಆಡು ಸತ್ತಿತೋ, ಗಂಡನಿಗೆ ಕೂಲಿ ತಪ್ಪಿತೋ ಎಂದು ಕೇಳುವ ತಾಳ್ಮೆ ಕರಾರಿಗಿಲ್ಲ. ಇದೇ ನಾಡಿನ ಕಂಪನಿಗಳಿಗೆ ಸಾವಿರಾರು ಕೋಟಿ ರೂಪಾಯಿ ಹೊಂದಿಸಿಕೊಡುವ ದೊಡ್ಡ ಬ್ಯಾಂಕುಗಳ ಕರಾರು ಮಾತ್ರ ಇದಕ್ಕೆ ತೀರಾ ಉಲ್ಟಾ ಇದೆ. ಅಲ್ಲಿ ಮೂರೋ ಐದೋ ಹತ್ತೋ ಬ್ಯಾಂಕುಗಳು ಜಾಯಿಂಟ್ ಬುಕ್‌ರನ್ನರ್ ಎಂಬ ಹೆಸರಿನಲ್ಲಿ ಒಟ್ಟಿಗೆ ನಿಲ್ಲುತ್ತವೆ, ಶುಲ್ಕವನ್ನು ಹಂಚಿಕೊಳ್ಳುತ್ತವೆ. ಆದರೆ ಒಬ್ಬರ ತಪ್ಪಿಗೆ ಇನ್ನೊಬ್ಬರು ಹೊಣೆಯಲ್ಲ ಎಂದು ಮೊದಲೇ ಬರೆಸಿಕೊಂಡಿರುತ್ತವೆ. ಈ ವ್ಯವಸ್ಥೆ ಬದಲಾಗಬೇಕು. ಒಂದು ಸಾಲ ಅಥವಾ ಷೇರು ನಂಬಿಕೆಗೆ ಅರ್ಹವೆಂದು ತಮ್ಮ ಹೆಸರು ಹಾಕಿ ಹಣ ಪಡೆದ ಬ್ಯಾಂಕುಗಳು, ಆ ನಂಬಿಕೆಯ ಮಟ್ಟಿಗಾದರೂ ಎಲ್ಲರೂ ಸೇರಿ ಮತ್ತು ಒಬ್ಬೊಬ್ಬರೂ ಪೂರ್ತಿಯಾಗಿ ಉತ್ತರ ಹೇಳುವಂತಾಗಬೇಕು.

ಬುಕ್‌ರನ್ನರ್ ಮಾಡುವ ಕೆಲಸವೇನು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು. ಒಂದು ಕಂಪನಿಗೆ ಐದು ಸಾವಿರ ಕೋಟಿ ರೂಪಾಯಿ ಬೇಕೆಂದುಕೊಳ್ಳಿ. ಅಷ್ಟು ಹಣವನ್ನು ಒಂದೇ ಬ್ಯಾಂಕು ತನ್ನ ತಲೆಯ ಮೇಲೆ ಹಾಕಿಕೊಳ್ಳುವುದಿಲ್ಲ. ಕೆಲವು ಬ್ಯಾಂಕುಗಳು ಮುಂದೆ ನಿಂತು ಕಂಪನಿಯ ಲೆಕ್ಕಪತ್ರ ನೋಡುತ್ತವೆ, ಸಾಲದ ಷರತ್ತು ಬರೆಸುತ್ತವೆ, ಹಣವುಳ್ಳ ಬೇರೆ ಬ್ಯಾಂಕು, ನಿಧಿ, ವಿಮಾ ಕಂಪನಿಗಳನ್ನು ಕರೆದು ಯಾರು ಎಷ್ಟು ಕೊಡುತ್ತಾರೆ, ಯಾವ ಬಡ್ಡಿಗೆ ಕೊಡುತ್ತಾರೆ ಎಂದು ಬರೆದುಕೊಳ್ಳುತ್ತವೆ. ಆ ಬೇಡಿಕೆಯ ಪುಸ್ತಕ ಇಟ್ಟುಕೊಂಡು, ದರ ನಿಗದಿ ಮಾಡಿ, ಪಾಲು ಹಂಚುವವರೇ ಬುಕ್‌ರನ್ನರ್‌ಗಳು. ಷೇರು ಬಿಡುಗಡೆಯಲ್ಲೂ ಇದೇ ಕೆಲಸ. ಹಣ ಕೂಡದಿದ್ದರೆ ಕೊರತೆಯನ್ನು ತಾವೇ ತುಂಬುತ್ತೇವೆ ಎಂದು ಮಾತು ಕೊಟ್ಟರೆ ಅದು ಅಂಡರ್‌ರೈಟಿಂಗ್. ಕೈಲಾದಷ್ಟು ಪ್ರಯತ್ನಿಸುತ್ತೇವೆ ಎಂದಷ್ಟೇ ಹೇಳಿದರೆ ಅವರು ಬರೀ ಮಧ್ಯವರ್ತಿಗಳು. ಸಾಲದ ವಿಷಯದಲ್ಲಿ ಅಂಡರ್‌ರೈಟಿಂಗ್ ಮಾಡಿದ ಬ್ಯಾಂಕುಗಳು ಕೂಡ ಸಾಮಾನ್ಯವಾಗಿ ಒಂದು ಷರತ್ತು ಹಾಕಿಕೊಂಡಿರುತ್ತವೆ: ಸಾಲ ಬೇರೆಯವರಿಗೆ ಬಿಕರಿಯಾಗದಿದ್ದರೆ ಬಡ್ಡಿ ಏರಿಸಬಹುದು, ಷರತ್ತು ಬಿಗಿ ಮಾಡಬಹುದು. ಅಪಾಯದ ಮೊದಲ ಪೆಟ್ಟು ಹೀಗೆ ಸಾಲಗಾರನ ಮೇಲೆ ಬೀಳುತ್ತದೆ, ಕೊನೆಯ ಪೆಟ್ಟು ಆ ಸಾಲವನ್ನು ಖರೀದಿಸಿದವರ ಮೇಲೆ ಬೀಳುತ್ತದೆ. ನಡುವೆ ನಿಂತವರಿಗೆ ಶುಲ್ಕ ಸಲ್ಲುತ್ತದೆ.

ಇದು ಮುಂಬೈ, ಲಂಡನ್‌ಗೆ ಮಾತ್ರ ಸೇರಿದ ಸಂಗತಿಯಲ್ಲ. ಕಂಪನಿಯೊಂದು ಷೇರು ಬಿಡುಗಡೆ ಮಾಡುವಾಗ ಅದರ ನೋಂದಾಯಿತ ಕಚೇರಿ ಇರುವ ರಾಜ್ಯದ ಭಾಷೆಯ ಪತ್ರಿಕೆಯಲ್ಲೂ ಜಾಹೀರಾತು ಕೊಡಬೇಕೆಂಬ ನಿಯಮವಿದೆ. ಹಾಗಾಗಿ ಬೆಂಗಳೂರಿನ ಕಂಪನಿಗಳ ದೊಡ್ಡ ಜಾಹೀರಾತುಗಳನ್ನು ಕನ್ನಡ ಪತ್ರಿಕೆಗಳ ಓದುಗರು ಕಂಡೇ ಇರುತ್ತಾರೆ. ಅವುಗಳ ಕೆಳಭಾಗದಲ್ಲಿ ಬುಕ್ ರನ್ನಿಂಗ್ ಲೀಡ್ ಮ್ಯಾನೇಜರ್‌ಗಳ ಹೆಸರು, ಲಾಂಛನಗಳು ಸಾಲಾಗಿ ನಿಂತಿರುತ್ತವೆ. ಇಷ್ಟು ದೊಡ್ಡವರು ನೋಡಿದ್ದಾರೆಂದ ಮೇಲೆ ಸರಿಯಾಗಿಯೇ ಇರಬೇಕು ಎಂಬ ಭಾವನೆ ಓದುವವರಲ್ಲಿ ಹುಟ್ಟುತ್ತದೆ, ಹುಟ್ಟಲೆಂದೇ ಆ ಹೆಸರುಗಳು ಅಲ್ಲಿರುತ್ತವೆ. 2022ರ ಮೇ ತಿಂಗಳಲ್ಲಿ ಎಲ್‌ಐಸಿ ಷೇರು ಬಂದಾಗ ಹತ್ತು ಬ್ಯಾಂಕುಗಳು ಹೀಗೆ ಸಾಲಾಗಿ ನಿಂತಿದ್ದವು. ಷೇರಿನ ದರ 949 ರೂಪಾಯಿ, ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ. ಹಳ್ಳಿಯ ಪಾಲಿಸಿದಾರರೂ ಅರ್ಜಿ ಹಾಕಬಹುದಾಗಿದ್ದ ಬಿಡುಗಡೆ ಅದು. ಮೇ 17ರಂದು ಬಿಎಸ್‌ಇಯಲ್ಲಿ ವಹಿವಾಟು ಶುರುವಾದದ್ದು 867.20 ರೂಪಾಯಿಗೆ. ಅದಕ್ಕೂ ಮುಂಚೆ, 2021ರ ನವೆಂಬರ್‌ನಲ್ಲಿ 18,300 ಕೋಟಿ ರೂಪಾಯಿ ಎತ್ತಿದ ಪೇಟಿಎಂನ ಷೇರು 2,150 ರೂಪಾಯಿಗೆ ಮಾರಾಟವಾಗಿ, ಮೊದಲ ದಿನವೇ ನೂರಕ್ಕೆ 27ರಷ್ಟು ಕುಸಿಯಿತು. ದರ ಬಿದ್ದದ್ದು ತನ್ನಷ್ಟಕ್ಕೇ ಯಾರ ಅಪರಾಧವೂ ಅಲ್ಲ. ಆದರೆ ಆ ದರ ಸರಿಯೆಂದು ಯಾರು ತೀರ್ಮಾನಿಸಿದರು, ಯಾವ ಆಧಾರದ ಮೇಲೆ ತೀರ್ಮಾನಿಸಿದರು ಎಂದು ಹೂಡಿಕೆದಾರ ಕೇಳಿದರೆ, ಹೆಸರುಗಳ ಆ ಸಾಲಿನಲ್ಲಿ ಯಾರ ಕಡೆಗೆ ಬೆರಳು ತೋರಿಸಬೇಕೆಂಬುದೇ ತಿಳಿಯುವುದಿಲ್ಲ.

ಕರಾರುಗಳ ಒಳಗೆ ಏನಿದೆ ಎಂದು ನೋಡಿದರೆ ಕಾರಣ ಗೊತ್ತಾಗುತ್ತದೆ. ಜಗತ್ತಿನ ಎಷ್ಟೋ ದೊಡ್ಡ ಸಾಲಗಳು ಲಂಡನ್ನಿನ ಲೋನ್ ಮಾರ್ಕೆಟ್ ಅಸೋಸಿಯೇಷನ್ ಮತ್ತು ಅದರ ಏಷ್ಯಾ ಪೆಸಿಫಿಕ್ ಸೋದರ ಸಂಸ್ಥೆ ರೂಪಿಸಿದ ಮಾದರಿ ಕರಾರುಗಳ ಅಚ್ಚಿನಲ್ಲಿ ತಯಾರಾಗುತ್ತವೆ. ಆ ಮಾದರಿಯಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿವೆ. ಸಾಲ ಹೊಂದಿಸಿದ ಅರೇಂಜರ್ ಬ್ಯಾಂಕಿಗೆ ಆ ಪಾತ್ರದಿಂದಾಗಿ ಬೇರೆ ಪಕ್ಷಗಳ ಕಡೆಗೆ ಯಾವ ಬಾಧ್ಯತೆಯೂ ಇಲ್ಲ. ಸಾಲ ಕೊಡುವ ಪ್ರತಿಯೊಬ್ಬರೂ ಸಾಲಗಾರನ ಯೋಗ್ಯತೆಯನ್ನು ತಾವೇ ಸ್ವತಂತ್ರವಾಗಿ ಪರೀಕ್ಷಿಸಿಕೊಂಡಿದ್ದಾರೆ. ಎಲ್ಲರ ಬಾಧ್ಯತೆಗಳೂ ಬೇರೆ ಬೇರೆ, ಒಬ್ಬರು ಮಾತಿಗೆ ತಪ್ಪಿದರೆ ಇನ್ನೊಬ್ಬರ ಮೇಲೆ ಅದರ ಭಾರವಿಲ್ಲ. ಷೇರುಗಳ ಅಂಡರ್‌ರೈಟಿಂಗ್ ಕರಾರುಗಳಲ್ಲೂ ಇದೇ ಧಾಟಿ ಸಾಮಾನ್ಯ. ಭಾರತದಲ್ಲಂತೂ ಪುಸ್ತಕ ಕಟ್ಟುವ ಪದ್ಧತಿಯ ಬಹುಪಾಲು ಬಿಡುಗಡೆಗಳಲ್ಲಿ ಅಂಡರ್‌ರೈಟಿಂಗ್ ಕರಾರಿಗೆ ಸಹಿ ಬೀಳುವುದು ಅರ್ಜಿಗಳು ಬಂದು ದರ ನಿಗದಿಯಾದ ಮೇಲೆ. ಹಣ ಬರುತ್ತದೋ ಇಲ್ಲವೋ ಎಂಬ ಅನುಮಾನ ಮುಗಿದ ಮೇಲೆ ಕೊಡುವ ಆ ಭರವಸೆ, ತಾಂತ್ರಿಕ ಕಾರಣಕ್ಕೆ ತಿರಸ್ಕೃತವಾಗುವ ಅರ್ಜಿಗಳ ಜಾಗ ತುಂಬುವುದಕ್ಕಷ್ಟೇ ಸೀಮಿತ. ಬಿಡುಗಡೆಯೇ ಸೋತರೆ ಎತ್ತಿ ಹಿಡಿಯುವ ಶಕ್ತಿ ಅದಕ್ಕಿಲ್ಲ.

ನಮ್ಮ ಕಾನೂನಿನ ಮೂಲ ನಿಲುವು ಹೀಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ, ಇಬ್ಬರು ಅಥವಾ ಹೆಚ್ಚು ಜನ ಸೇರಿ ಒಂದು ಮಾತು ಕೊಟ್ಟರೆ, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಮಾತು ನಡೆಸಿಕೊಳ್ಳುವ ಹಕ್ಕು ಮಾತು ಪಡೆದವನಿಗಿದೆ. ಪೂರ್ತಿ ನಡೆಸಿಕೊಟ್ಟವನು ಆಮೇಲೆ ತನ್ನ ಜೊತೆಗಾರರಿಂದ ಅವರವರ ಪಾಲು ವಸೂಲು ಮಾಡಿಕೊಳ್ಳಬಹುದು. ಇದಕ್ಕೆ ವಿರುದ್ಧವಾಗಿ ಸ್ಪಷ್ಟ ಒಪ್ಪಂದವಿದ್ದರೆ ಮಾತ್ರ ಆ ನಿಯಮ ಅನ್ವಯಿಸುವುದಿಲ್ಲ. 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ರೈತನ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿದ ನೆರೆಯವನ ಮನೆಗೆ ನೋಟಿಸ್ ಬರುವುದು ಈ ಕಲಮಿನ ಬಲದಿಂದ. ವಿರುದ್ಧವಾದ ಸ್ಪಷ್ಟ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ ಕಾಗದದ ಮೇಲೆ ಎಲ್ಲರಿಗೂ ಇದೆ. ಆದರೆ ಕುಳಗಿಯ ಗುಂಪಿನ ಸದಸ್ಯೆ, ಸಾಲ ಕೊಡುವ ಸಂಸ್ಥೆಯ ಮುದ್ರಿತ ನಮೂನೆಯಲ್ಲಿ ಒಂದು ಅಕ್ಷರವನ್ನೂ ತಿದ್ದಿಸಲಾರಳು. ವಕೀಲರ ಪಡೆ ಇಟ್ಟುಕೊಂಡ ಬ್ಯಾಂಕಿಗೆ ಕರಾರನ್ನೇ ಬರೆಯುವ ಅವಕಾಶವಿದೆ. ಒಂದೇ ಕಾಯ್ದೆ ಹೀಗೆ ಬಲಹೀನರಿಗೆ ಪೂರ್ತಿ ಬಿಗಿಯಾಗಿಯೂ ಬಲಾಢ್ಯರಿಗೆ ಸಡಿಲವಾಗಿಯೂ ನಡೆಯುತ್ತಿದೆ.

ಇದರ ಪರಿಣಾಮ ತಿಳಿಯಲು ಬೆಂಗಳೂರಿನ ಆನ್‌ಲೈನ್ ಶಿಕ್ಷಣ ಕಂಪನಿ ಬೈಜೂಸ್‌ನ ಪ್ರಕರಣ ನೋಡಬೇಕು. 2021ರ ನವೆಂಬರ್‌ನಲ್ಲಿ ಆ ಸಂಸ್ಥೆ ಅಮೆರಿಕದ ಡೆಲವೇರ್‌ನಲ್ಲಿ ಸ್ಥಾಪಿಸಿದ ಬೈಜೂಸ್ ಆಲ್ಫಾ ಎಂಬ ಅಂಗಸಂಸ್ಥೆಯ ಮೂಲಕ 120 ಕೋಟಿ ಡಾಲರ್ ಸಾಲ ಎತ್ತಿತು. ಟರ್ಮ್ ಲೋನ್ ಬಿ ಎಂಬ ಬಗೆಯ ಸಾಲ ಅದು, ಬ್ಯಾಂಕುಗಳು ಹೊಂದಿಸಿ ನಿಧಿಗಳಿಗೆ ಮಾರುವ ಸಾಲ. ಆ ದಿನಕ್ಕೆ, 2021ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದ ಲೆಕ್ಕಪರಿಶೋಧಿತ ವರದಿ ಇನ್ನೂ ಹೊರಬಂದಿರಲಿಲ್ಲ. ಅದು ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, ತೋರಿಸಿದ್ದು 4,588 ಕೋಟಿ ರೂಪಾಯಿ ನಷ್ಟ. 2023ರ ಮಾರ್ಚ್‌ನಲ್ಲಿ ಸಾಲ ಕೊಟ್ಟವರು ಕರಾರು ಮುರಿದಿದೆ ಎಂದು ಸಾರಿ ಬೈಜೂಸ್ ಆಲ್ಫಾದ ಹಿಡಿತ ತೆಗೆದುಕೊಂಡರು, ಡೆಲವೇರ್ ನ್ಯಾಯಾಲಯಗಳು ಅದನ್ನು ಎತ್ತಿ ಹಿಡಿದವು. ಸಾಲದ ಹಣದಲ್ಲಿ 53.3 ಕೋಟಿ ಡಾಲರ್ ಬೇರೆಡೆಗೆ ಹೋದ ಬಗ್ಗೆ ಅಲ್ಲಿ ವ್ಯಾಜ್ಯ ನಡೆದಿದೆ, ಸಂಸ್ಥಾಪಕರು ಆರೋಪಗಳನ್ನು ನಿರಾಕರಿಸಿದ್ದಾರೆ. ಇತ್ತ 158 ಕೋಟಿ ರೂಪಾಯಿ ಬಾಕಿಗಾಗಿ ಬಿಸಿಸಿಐ ಹಾಕಿದ ಅರ್ಜಿಯ ಮೇಲೆ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ (ಎನ್‌ಸಿಎಲ್‌ಟಿ) 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಆರಂಭಿಸಿತು. ಮೇಲ್ಮನವಿ ನ್ಯಾಯಮಂಡಳಿ ಅದನ್ನು ಮುಚ್ಚಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತೆರೆಯಿತು. ಈ ಉದ್ದನೆಯ ಹೋರಾಟದಲ್ಲಿ ಸಾಲ ಕೊಟ್ಟವರ ಪರವಾಗಿ ಏಜೆಂಟ್ ಆದ ಗ್ಲಾಸ್ ಟ್ರಸ್ಟ್ ಇದೆ, ಸಾಲ ಕೊಂಡ ನಿಧಿಗಳಿವೆ, ಕಂಪನಿಯಿದೆ, ಸಂಬಳ ಬಾಕಿಯುಳಿದ ಉದ್ಯೋಗಿಗಳಿದ್ದಾರೆ. ಸಾಲವನ್ನು ರೂಪಿಸಿ ಮಾರಿದವರ ಪಾತ್ರ ಮಾತ್ರ ಮಾರಿದ ದಿನವೇ ಮುಗಿದಿತ್ತು. ಅವರು ಕಾನೂನು ಮುರಿದರೆಂದು ಇಲ್ಲಿ ಹೇಳುತ್ತಿಲ್ಲ. ಕಾನೂನು, ಕರಾರು ಎರಡೂ ಅವರಿಂದ ಇದಕ್ಕಿಂತ ಹೆಚ್ಚೇನನ್ನೂ ಕೇಳುವುದಿಲ್ಲ ಎಂಬುದೇ ನನ್ನ ತಕರಾರು. ವರ್ಷದ ಲೆಕ್ಕ ಬರುವವರೆಗೆ ಕಾಯೋಣ ಎನ್ನುವವರಿಗೆ ಆ ವ್ಯವಸ್ಥೆಯಲ್ಲಿ ಲಾಭವಿಲ್ಲ, ಬೇಗ ಮುಗಿಸೋಣ ಎನ್ನುವವರಿಗೆ ಶುಲ್ಕವಿದೆ.

ಸಾಲವನ್ನು ಮಾರದೆ ತಮ್ಮಲ್ಲೇ ಇಟ್ಟುಕೊಂಡ ಬ್ಯಾಂಕುಗಳ ಗುಂಪಿನಲ್ಲೂ ಹೊಣೆ ಚೂರುಚೂರಾದರೆ ಏನಾಗುತ್ತದೆ ಎಂಬುದಕ್ಕೆ ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಕ್ಷಿ. ಎಸ್‌ಬಿಐ ಮುಂದಾಳುತನದ ಹದಿನೇಳು ಬ್ಯಾಂಕುಗಳ ಒಕ್ಕೂಟ ಅದಕ್ಕೆ ಸಾಲ ಕೊಟ್ಟಿತ್ತು. ಸಂಸ್ಥೆ ತತ್ತರಿಸುತ್ತಿದ್ದಾಗ, 2011ರಲ್ಲಿ, ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಪ್ರತಿ ಷೇರಿಗೆ 64.48 ರೂಪಾಯಿಯಂತೆ ಷೇರಾಗಿ ಬದಲಿಸಿಕೊಂಡವು. ಆಗ ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಕೆಳಗಿತ್ತು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲಕ್ಕಿಳಿದವು. ಅಡಮಾನವಾಗಿ ಇಟ್ಟುಕೊಂಡಿದ್ದ ಕಿಂಗ್‌ಫಿಷರ್ ಬ್ರ್ಯಾಂಡ್ ಅನ್ನು 2016ರ ಏಪ್ರಿಲ್‌ನಲ್ಲಿ ಸುಮಾರು 367 ಕೋಟಿ ರೂಪಾಯಿ ಕನಿಷ್ಠ ದರಕ್ಕೆ ಹರಾಜಿಗಿಟ್ಟರೆ ಒಬ್ಬರೂ ಕೂಗಲಿಲ್ಲ. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿ ರೂಪಾಯಿಯನ್ನು ಬಡ್ಡಿ ಸಮೇತ ವಸೂಲು ಮಾಡಲು ಆದೇಶಿಸಿತು. ಹದಿನೇಳು ಬ್ಯಾಂಕುಗಳು ಒಂದೇ ಅಡಮಾನವನ್ನು ನೋಡಿದ್ದವು ಎಂದರೆ ಹದಿನೇಳು ಸಲ ಪರೀಕ್ಷೆ ನಡೆಯಿತು ಎಂದಾಗುವುದಿಲ್ಲ. ಮುಂದಾಳು ನೋಡಿದ್ದಾನೆ ಎಂದು ಹಿಂದಿನವರೂ, ಇಷ್ಟು ಜನ ಒಪ್ಪಿದ್ದಾರೆ ಎಂದು ಮುಂದಾಳೂ ಸಮಾಧಾನಪಟ್ಟುಕೊಳ್ಳುವ ಅಪಾಯ ಇಂಥ ಪ್ರತಿ ಗುಂಪಿನಲ್ಲೂ ಇದೆ. ಜನ ಹೆಚ್ಚಿದಷ್ಟೂ ಎಚ್ಚರ ಹೆಚ್ಚಬೇಕಾದರೆ, ಪ್ರತಿಯೊಬ್ಬನಿಗೂ ಪೂರ್ತಿ ನಷ್ಟದ ಭಯವಿರಬೇಕು. ಪಾಲಿನ ನಷ್ಟದ ಭಯ ಮಾತ್ರ ಇದ್ದಲ್ಲಿ ಜನ ಹೆಚ್ಚಿದಷ್ಟೂ ಎಚ್ಚರ ತಗ್ಗುತ್ತದೆ.

ಸ್ವಂತ ಹಣ ಮುಂದಿಟ್ಟವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೂ ಬೆಂಗಳೂರಿನ ಚರಿತ್ರೆಯಲ್ಲೇ ಉದಾಹರಣೆಯಿದೆ. 1992ರಲ್ಲಿ ಬಂಡವಾಳ ನಿಯಂತ್ರಕರ ಹುದ್ದೆ ರದ್ದಾಗಿ ಕಂಪನಿಗಳು ತಮ್ಮ ಷೇರಿನ ದರ ತಾವೇ ಇಟ್ಟುಕೊಳ್ಳುವ ಸ್ವಾತಂತ್ರ್ಯ ಬಂತು. 1993ರ ಫೆಬ್ರವರಿಯಲ್ಲಿ ಇನ್ಫೊಸಿಸ್ 95 ರೂಪಾಯಿಗೆ ಷೇರು ಬಿಟ್ಟಾಗ ಕೊಳ್ಳುವವರು ಸಾಲಲಿಲ್ಲ. ಆಗ ಮಾರ್ಗನ್ ಸ್ಟಾನ್ಲಿ ನೂರಕ್ಕೆ 13ರಷ್ಟು ಷೇರನ್ನು ಅದೇ ದರಕ್ಕೆ ಕೊಂಡು ಬಿಡುಗಡೆಯನ್ನು ಉಳಿಸಿತು. ಜೂನ್‌ನಲ್ಲಿ ಷೇರು 145 ರೂಪಾಯಿಗೆ ವಹಿವಾಟು ಆರಂಭಿಸಿತು. ಆ ಕಂಪನಿಯ ಮೇಲಿನ ನಂಬಿಕೆಯನ್ನು ಅಲ್ಲಿ ಹಣದಿಂದಲೇ ತೋರಿಸಲಾಯಿತು. ಇನ್ನೊಂದು ತುದಿಯ ಉದಾಹರಣೆ 2022ರದ್ದು. ಟ್ವಿಟರ್ ಖರೀದಿಗೆ ಮಾರ್ಗನ್ ಸ್ಟಾನ್ಲಿ ಮುಂದಾಳುತನದ ಏಳು ಬ್ಯಾಂಕುಗಳು ಸುಮಾರು 1,300 ಕೋಟಿ ಡಾಲರ್ ಸಾಲಕ್ಕೆ ದೃಢವಾದ ಮಾತು ಕೊಟ್ಟಿದ್ದವು. ಬಡ್ಡಿ ಏರಿ ಸಾಲ ಬಿಕರಿಯಾಗದೆ, ಅದರ ಬಹುಭಾಗ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರ ಲೆಕ್ಕದಲ್ಲೇ ಉಳಿಯಿತು. ನೋವಾಯಿತು, ಆದರೆ ಆ ನೋವು ತೀರ್ಮಾನ ಮಾಡಿದವರಿಗೇ ಆಯಿತು. ಜವಾಬ್ದಾರಿಯೆಂದರೆ ಇದೇ. ಒಂದರಲ್ಲಿ ಲಾಭ, ಇನ್ನೊಂದರಲ್ಲಿ ಸಂಕಟ ಬಂದರೂ ಎರಡರಲ್ಲೂ ಮಾತಿಗೂ ಹಣಕ್ಕೂ ನಡುವೆ ಅಂತರವಿರಲಿಲ್ಲ.

ಜಂಟಿ ಹೊಣೆ ಹೊರಿಸಿದರೆ ಮಾರುಕಟ್ಟೆ ಮುರಿದು ಬೀಳುತ್ತದೆ ಎನ್ನುವವರು ಅಮೆರಿಕದ ಕಾನೂನನ್ನು ನೋಡಬೇಕು. 1929ರ ಕುಸಿತದ ನಂತರ ಬಂದ 1933ರ ಸೆಕ್ಯುರಿಟೀಸ್ ಕಾಯ್ದೆಯ 11ನೇ ಕಲಮು, ನೋಂದಣಿ ದಾಖಲೆಯಲ್ಲಿ ಸುಳ್ಳಿದ್ದರೆ ಅಂಡರ್‌ರೈಟರ್‌ಗಳನ್ನೂ ಹೂಡಿಕೆದಾರರಿಗೆ ಹೊಣೆಯಾಗಿಸುತ್ತದೆ. ಹೊಣೆ ಜಂಟಿಯಾದದ್ದು, ಆದರೆ ಪ್ರತಿ ಅಂಡರ್‌ರೈಟರ್‌ಗೆ ತಾನು ಮಾರಿದ ಪಾಲಿನ ಮೊತ್ತದ ಮಿತಿಯಿದೆ. ಸರಿಯಾಗಿ ಪರಿಶೀಲಿಸಿದ್ದೆ ಎಂದು ತೋರಿಸಿಕೊಟ್ಟವನಿಗೆ ಬಿಡುಗಡೆಯೂ ಇದೆ. 2001ರ ಮೇ ತಿಂಗಳಲ್ಲಿ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್ 1,100 ಕೋಟಿ ಡಾಲರಿಗೂ ಹೆಚ್ಚಿನ ಬಾಂಡ್‌ಗಳನ್ನು ಮಾರಿತು, ಮುಂದಿನ ವರ್ಷ ದಿವಾಳಿಯಾಯಿತು. ಬಾಂಡ್ ಕೊಂಡವರ ದಾವೆಯಲ್ಲಿ, ಲೆಕ್ಕಪರಿಶೋಧಕರ ಸಹಿಯಿತ್ತು ಎಂಬುದೊಂದೇ ರಕ್ಷಣೆಯಾಗದು, ಎಚ್ಚರಿಕೆಯ ಚಿಹ್ನೆಗಳು ಕಂಡಾಗ ಬ್ಯಾಂಕು ಕೆದಕಿ ನೋಡಬೇಕಾಗುತ್ತದೆ ಎಂದು ನ್ಯಾಯಾಧೀಶೆ ಡೆನಿಸ್ ಕೋಟ್ 2004ರಲ್ಲಿ ತೀರ್ಪಿತ್ತರು. ಸಿಟಿಗ್ರೂಪ್ ಸುಮಾರು 260 ಕೋಟಿ, ಜೆ.ಪಿ. ಮಾರ್ಗನ್ 200 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಆಮೇಲೆ ಅಮೆರಿಕದಲ್ಲಿ ಬಾಂಡ್ ಮಾರಾಟ ನಿಂತುಹೋಯಿತೇ? ಇಲ್ಲ. ಜಗತ್ತಿನ ಅತಿ ದೊಡ್ಡ ಬಂಡವಾಳ ಮಾರುಕಟ್ಟೆ ಈಗಲೂ ಅದೇ.

ಭಾರತದಲ್ಲಿ ನಿಯಮಗಳಿಲ್ಲ ಎಂದಲ್ಲ. ಒಬ್ಬರಿಗಿಂತ ಹೆಚ್ಚು ಲೀಡ್ ಮ್ಯಾನೇಜರ್‌ಗಳಿದ್ದರೆ ಯಾರ ಕೆಲಸ ಯಾವುದೆಂದು ಮೊದಲೇ ಗೊತ್ತುಮಾಡಿ ದಾಖಲೆಯಲ್ಲಿ ಪ್ರಕಟಿಸಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ ವಿಧಿಸಿದೆ. ಲೆಕ್ಕಪತ್ರ, ಆಸ್ತಿ, ವ್ಯಾಜ್ಯಗಳನ್ನು ಪರಿಶೀಲಿಸಿದ್ದೇವೆ ಎಂಬ ಪ್ರಮಾಣಪತ್ರಕ್ಕೆ ಅವರು ಸಹಿ ಹಾಕಬೇಕು. ತಪ್ಪಿದವರಿಗೆ ಸೆಬಿ ದಂಡ ಹಾಕಿದೆ, ಕೆಲಸದಿಂದ ದೂರವೂ ಇಟ್ಟಿದೆ. ಇಷ್ಟು ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಸಾಲದು, ಏಕೆಂದರೆ ದಂಡದ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ, ಕಳೆದುಕೊಂಡವನ ಕೈಗಲ್ಲ. ಷೇರು ಬಿಡುಗಡೆಯ ಪರಿಚಯ ಪತ್ರದಲ್ಲಿ (ಪ್ರಾಸ್ಪೆಕ್ಟಸ್) ಸುಳ್ಳಿದ್ದರೆ ಹೂಡಿಕೆದಾರನಿಗೆ ಪರಿಹಾರ ಕೊಡಬೇಕಾದವರನ್ನು 2013ರ ಕಂಪನಿ ಕಾಯ್ದೆಯ 35ನೇ ಕಲಮು ಪಟ್ಟಿ ಮಾಡುತ್ತದೆ. ನಿರ್ದೇಶಕರು, ಪ್ರವರ್ತಕರು, ಪರಿಣತರು, ಪತ್ರ ಹೊರಡಿಸಲು ಅಧಿಕಾರ ಕೊಟ್ಟವರು ಅಲ್ಲಿದ್ದಾರೆ. ಬುಕ್‌ರನ್ನರ್‌ಗಳ ಹೆಸರು ನೇರವಾಗಿ ಬಂದಿಲ್ಲ. ಕೆಲಸ ಹಂಚಿಕೆಯ ಪಟ್ಟಿ ಕೂಡ ಆಡಳಿತದ ಅನುಕೂಲಕ್ಕಿದೆ. ಜಾಹೀರಾತು ನೋಡುವುದು ನನ್ನ ಕೆಲಸ, ಲೆಕ್ಕ ನೋಡುವುದು ಅವನದು ಎಂದು ಒಬ್ಬ ಬ್ಯಾಂಕರ್ ಹೇಳಿದರೆ, ಲೆಕ್ಕ ನೋಡದವನ ಲಾಂಛನ ಹೂಡಿಕೆದಾರನ ಮುಂದೆ ಏಕೆ ಬಂತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಇನ್ನು ಆಕ್ಷೇಪಗಳು. ಜಂಟಿ ಹೊಣೆ ಬಂದರೆ ಶುಲ್ಕ ಏರುತ್ತದೆ, ಚಿಕ್ಕ ಬ್ಯಾಂಕುಗಳು ಹಿಂದೆ ಸರಿಯುತ್ತವೆ, ಒಂದು ಬ್ಯಾಂಕು ಮುಳುಗಿದರೆ ಉಳಿದವೂ ಮುಳುಗುತ್ತವೆ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ಹಣದ ಬದ್ಧತೆಯನ್ನು ಬೇರೆ ಬೇರೆಯಾಗಿ ಇಡುವುದು ಸರಿಯಾದ ಪದ್ಧತಿಯೇ. ಸಾವಿರ ಕೋಟಿ ಕೊಡುತ್ತೇನೆಂದ ಬ್ಯಾಂಕಿನಿಂದ ಐದು ಸಾವಿರ ಕೋಟಿ ಕೇಳಿದರೆ ಅದರ ಠೇವಣಿದಾರರಿಗೆ ಅನ್ಯಾಯವಾಗುತ್ತದೆ. ನನ್ನ ವಾದ ಹಣದ ಪಾಲಿನ ಬಗ್ಗೆ ಅಲ್ಲ, ಪರಿಶೀಲನೆಯ ಸತ್ಯದ ಬಗ್ಗೆ. ಹಣವನ್ನು ಪಾಲು ಮಾಡಬಹುದು. ಕಂಪನಿಯ ಲೆಕ್ಕ ಸರಿಯಿದೆ ಎಂಬ ಹೇಳಿಕೆ ಪೂರ್ತಿ ನಿಜವಿರಬೇಕು, ಐದನೇ ಒಂದು ಭಾಗ ನಿಜವೆಂದು ಯಾರೂ ಸಹಿ ಹಾಕಲಾಗದು. ಆ ಹೇಳಿಕೆಗೆ ಮಾತ್ರ ಜಂಟಿ ಹೊಣೆ ಇರಲಿ, ಅದಕ್ಕೂ ಅಮೆರಿಕದಂತೆ ಮಿತಿ ಇರಲಿ, ತಾನು ಪ್ರಾಮಾಣಿಕವಾಗಿ ಪರಿಶೀಲಿಸಿದ್ದೆ ಎಂದು ತೋರಿಸಿದವನಿಗೆ ರಕ್ಷಣೆ ಇರಲಿ. ಶುಲ್ಕ ಸ್ವಲ್ಪ ಏರಿದರೆ, ಅದು ನಿಜವಾದ ಪರಿಶೀಲನೆಯ ಬೆಲೆ. ಬರೀ ಹೆಸರಿಗಾಗಿ ಪಟ್ಟಿಗೆ ಸೇರುವ ಬ್ಯಾಂಕುಗಳು ಹಿಂದೆ ಸರಿದರೆ ನಷ್ಟವೇನೂ ಇಲ್ಲ. ಯಾವ ಬ್ಯಾಂಕು ಎಷ್ಟು ವ್ಯವಹಾರ ಮುನ್ನಡೆಸಿತು ಎಂಬ ಪೈಪೋಟಿಯ ಪಟ್ಟಿಗಳಲ್ಲಿ ಸ್ಥಾನಕ್ಕಾಗಿ ಈ ಪಟ್ಟ ಬೇಡುವುದು ಆ ಉದ್ಯಮದಲ್ಲಿ ಎಲ್ಲರಿಗೂ ತಿಳಿದ ವಿಷಯ.

ಸಾಲ ಕೊಳ್ಳುವ ನಿಧಿಗಳು, ವಿಮಾ ಕಂಪನಿಗಳು ಬುದ್ಧಿವಂತರು, ತಮ್ಮ ಒಳಿತು ತಾವು ನೋಡಿಕೊಳ್ಳುತ್ತಾರೆ ಎಂಬುದು ಎರಡನೇ ಆಕ್ಷೇಪ. ಆದರೆ ಅವರು ಹಾಕುವ ಹಣ ಯಾರದು? ಭವಿಷ್ಯ ನಿಧಿ ಕಟ್ಟುವ ಕಾರ್ಮಿಕನದು, ಮ್ಯೂಚುವಲ್ ಫಂಡ್‌ಗೆ ತಿಂಗಳ ಕಂತು ಕಟ್ಟುವ ಶಿಕ್ಷಕಿಯದು, ಎಲ್‌ಐಸಿ ಪಾಲಿಸಿ ಮಾಡಿಸಿದ ಅಂಗಡಿಯವನದು. ಸರ್ಕಾರಿ ಬ್ಯಾಂಕುಗಳ ಸಾಲ ಮುಳುಗಿದಾಗ 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅವಕ್ಕೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವ ಯೋಜನೆ ಪ್ರಕಟಿಸಿತು. ಅದರ ಬಹುಪಾಲು ಬರಬೇಕಿದ್ದದ್ದು ಬುದ್ಧಿವಂತ ಹೂಡಿಕೆದಾರರ ಜೇಬಿನಿಂದಲ್ಲ. ದಾಂಡೇಲಿಯಂಥ ಕೈಗಾರಿಕಾ ಊರಿಗೆ ಇದು ಇನ್ನೂ ಹತ್ತಿರದ ಮಾತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಆಗಲಿ, ಕಾಳಿ ನದಿಯ ವಿದ್ಯುತ್ ಯೋಜನೆಗಳಾಗಲಿ, ಇಂಥ ಉದ್ಯಮಗಳು ನಿಲ್ಲುವುದು ದೊಡ್ಡ ಬಂಡವಾಳದ ಮೇಲೆ. ಕೆಟ್ಟ ಸಾಲಗಳು ಬ್ಯಾಂಕುಗಳ ಕೈ ಕಟ್ಟಿದಾಗ ಒಳ್ಳೆಯ ಕಾರ್ಖಾನೆಗೂ ಸಾಲ ಸಿಗುವುದಿಲ್ಲ, ಹಳಿಯಾಳದ ದೇಶಪಾಂಡೆ ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಕಲಿತು ಹೊಲಿಗೆ ಅಂಗಡಿ ಹಾಕಹೊರಟವಳಿಗೂ ಸಿಗುವುದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಬಡವರ ಮೇಲಿನ ಜಂಟಿ ಹೊಣೆಯೇ ಕ್ರೂರವಾಗಿರುವಾಗ ಅದನ್ನು ಮಾದರಿಯಾಗಿ ತೋರಿಸುವುದು ಸರಿಯೇ? ಕಿರುಸಾಲದ ವಸೂಲಿಯ ಕಿರುಕುಳ ಮಿತಿ ಮೀರಿದ್ದರಿಂದಲೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಬಾಗಿಲಿಗೆ ಬಂದು ಮಾನ ಕಳೆಯುವ ವಸೂಲಿಯನ್ನು ಯಾರೂ ಸಮರ್ಥಿಸಲಾರರು, ಆ ಹೊರೆ ಹಗುರಾಗಲೇಬೇಕು. ಆದರೆ ಎರಡು ಜಂಟಿ ಹೊಣೆಗಳ ನಡುವೆ ದೊಡ್ಡ ವ್ಯತ್ಯಾಸವಿದೆ. ಗುಂಪಿನ ಹೆಣ್ಣುಮಗಳು ನೆರೆಯವಳಿಗೆ ಹೊಣೆ ನಿಲ್ಲುವುದಕ್ಕೆ ಒಂದು ಪೈಸೆಯನ್ನೂ ಪಡೆಯುವುದಿಲ್ಲ, ನೆರೆಯವಳ ಲೆಕ್ಕ ಪರೀಕ್ಷಿಸುವ ಸಾಧನ ಅವಳಿಗಿಲ್ಲ, ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವಾರ್ಷಿಕ 3 ಲಕ್ಷ ರೂಪಾಯಿಯೊಳಗಿನ ಆದಾಯದ ಕುಟುಂಬ ಅವಳದು. ಬುಕ್‌ರನ್ನರ್‌ಗೆ ಶುಲ್ಕವಿದೆ, ಪರಿಣತರಿದ್ದಾರೆ, ಲೆಕ್ಕಪುಸ್ತಕ ತೆರೆಸುವ ಅಧಿಕಾರವಿದೆ. ಹೊಣೆಯನ್ನು ಹೊರಬಲ್ಲವರ ಮೇಲೆ, ಹೊರುವುದಕ್ಕೆ ಹಣ ಪಡೆದವರ ಮೇಲೆ ಇಡುವುದು ನ್ಯಾಯ. ಈಗಿನ ವ್ಯವಸ್ಥೆ ಅದನ್ನು ಹೊರಲಾರದವರ ಮೇಲೆ ಇಟ್ಟಿದೆ.

ಆಗಬೇಕಾದದ್ದು ಅಸಾಧ್ಯವಾದುದೇನಲ್ಲ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ಯೋಜನಾ ಸಾಲದ ನಿಯಮಗಳಲ್ಲಿ, ನಿರ್ಮಾಣ ಹಂತದ ಯೋಜನೆಗೆ ಬ್ಯಾಂಕುಗಳು ಸೇರಿ ಕೊಡುವ ಸಾಲ 1,500 ಕೋಟಿ ರೂಪಾಯಿಯೊಳಗಿದ್ದರೆ ಪ್ರತಿ ಬ್ಯಾಂಕಿನ ಪಾಲು ಕನಿಷ್ಠ ನೂರಕ್ಕೆ ಹತ್ತು, ಅದಕ್ಕಿಂತ ಹೆಚ್ಚಿದ್ದರೆ ನೂರಕ್ಕೆ ಐದು ಅಥವಾ 150 ಕೋಟಿ, ಯಾವುದು ಹೆಚ್ಚೋ ಅಷ್ಟಿರಬೇಕೆಂದು ಹೇಳಿದೆ. ಸಾಲಗಳನ್ನು ಕಟ್ಟುಕಟ್ಟಿ ಮಾರುವವರು ಅದರ ಒಂದು ಪಾಲನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕೆಂಬ ನಿಯಮವೂ ಇದೆ. ಕೈಯಲ್ಲಿ ಪಾಲಿದ್ದರೆ ಕಣ್ಣು ತೆರೆದಿರುತ್ತದೆ ಎಂಬ ತತ್ವವನ್ನು ನಮ್ಮ ನಿಯಂತ್ರಕರು ಆಗಲೇ ಒಪ್ಪಿದ್ದಾರೆ. ಅದನ್ನು ಮೂರು ಹೆಜ್ಜೆ ಮುಂದೆ ಒಯ್ಯಬೇಕು. ಮೊದಲನೆಯದಾಗಿ, ಕಂಪನಿ ಕಾಯ್ದೆಯ 35ನೇ ಕಲಮಿಗೆ ಬುಕ್‌ರನ್ನರ್‌ಗಳನ್ನು ಹೆಸರಿಸಿ ಸೇರಿಸಬೇಕು, ಪರಿಶೀಲನೆಯ ಪ್ರಮಾಣಪತ್ರಕ್ಕೆ ಸಹಿ ಹಾಕಿದ ಎಲ್ಲರೂ ಮಿತಿಗೊಳಪಟ್ಟು ಜಂಟಿಯಾಗಿ ಹೊಣೆಯಾಗಬೇಕು, ತಮ್ಮೊಳಗಿನ ಪಾಲನ್ನು ಅವರೇ ಆಮೇಲೆ ಇತ್ಯರ್ಥ ಮಾಡಿಕೊಳ್ಳಲಿ. ಎರಡನೆಯದಾಗಿ, ಭಾರತದ ಕಂಪನಿಗಳಿಗೆ ಒಕ್ಕೂಟದ ಸಾಲ ಹೊಂದಿಸುವ ಬ್ಯಾಂಕು ಸಾಲ ತೀರುವವರೆಗೂ ಒಂದು ಕನಿಷ್ಠ ಪಾಲನ್ನು ಉಳಿಸಿಕೊಳ್ಳಬೇಕು, ಶುಲ್ಕದ ಒಂದು ಭಾಗ ಮರುಪಾವತಿಯ ಜೊತೆಜೊತೆಗೇ ಕಂತಾಗಿ ಸಿಗುವಂತಿರಬೇಕು. ವಿದೇಶಿ ಅಂಗಸಂಸ್ಥೆಯ ಮೂಲಕ ಎತ್ತಿ, ಇಲ್ಲಿನ ಕಂಪನಿ ಖಾತರಿ ಕೊಟ್ಟ ಸಾಲಕ್ಕೂ ಇದು ಅನ್ವಯಿಸಬೇಕು, ಬೈಜೂಸ್ ಕಲಿಸಿದ ಪಾಠ ಅದು. ಮೂರನೆಯದಾಗಿ, ಕನ್ನಡದ ಜಾಹೀರಾತಿನಲ್ಲಿ ಲಾಂಛನಗಳ ಜೊತೆಗೆ ಯಾರು ಯಾವ ಪರಿಶೀಲನೆ ಮಾಡಿದರು, ಎಷ್ಟು ಶುಲ್ಕ ಪಡೆಯುತ್ತಾರೆ, ಎಷ್ಟು ಮೊತ್ತಕ್ಕೆ ನಿಜವಾದ ಅಂಡರ್‌ರೈಟಿಂಗ್ ಮಾಡಿದ್ದಾರೆ ಎಂಬುದು ನಾಲ್ಕು ಸಾಲಿನಲ್ಲಿ ಅಚ್ಚಾಗಬೇಕು.

ಈ ಬದಲಾವಣೆಗಳಿಂದ ಪ್ರತಿ ಸಾಲವೂ ಗೆಲ್ಲುತ್ತದೆ, ಪ್ರತಿ ಷೇರೂ ಏರುತ್ತದೆ ಎಂದಲ್ಲ. ಉದ್ಯಮದಲ್ಲಿ ಸೋಲು ಇದ್ದೇ ಇರುತ್ತದೆ, ಸೋಲಿಗೆ ಶಿಕ್ಷೆ ವಿಧಿಸಿದರೆ ಹೊಸದನ್ನು ಕಟ್ಟುವವರೇ ಇರುವುದಿಲ್ಲ. ಶಿಕ್ಷೆಯಾಗಬೇಕಾದದ್ದು ನೋಡದೆ ನೋಡಿದ್ದೇವೆ ಎಂದು ಹೇಳಿದ್ದಕ್ಕೆ. ಸೆಬಿ ಮತ್ತು ರಿಸರ್ವ್ ಬ್ಯಾಂಕ್ ತಮ್ಮ ನಿಯಮಗಳನ್ನು ತಿದ್ದಬಹುದು, ಆದರೆ ಪರಿಹಾರದ ಹಕ್ಕು ಕೊಡಬಲ್ಲದ್ದು ಸಂಸತ್ತು ಮಾತ್ರ. ದೇಶದ ನವೋದ್ಯಮಗಳ ರಾಜಧಾನಿಯೆಂದು ಬೆಂಗಳೂರಿನ ಬಗ್ಗೆ ಹೆಮ್ಮೆಪಡುವ ಕರ್ನಾಟಕದ ಸಂಸದರು ಈ ತಿದ್ದುಪಡಿಯನ್ನು ಮುಂದಿಡಲು ಉಳಿದವರಿಗಿಂತ ಹೆಚ್ಚು ಬಾಧ್ಯರು. ಬೈಜೂಸ್, ಕಿಂಗ್‌ಫಿಷರ್ ಎರಡೂ ಅವರ ರಾಜ್ಯದ ರಾಜಧಾನಿಯ ಕಂಪನಿಗಳು. ದಿನಗೂಲಿ ನಂಬಿ ಬದುಕುವವರಿಂದ ನೆರೆಯವರ ಸಾಲಕ್ಕೆ ಪೂರ್ತಿ ಹೊಣೆ ಕೇಳುವ ದೇಶ, ಸಾವಿರ ಕೋಟಿಯ ವ್ಯವಹಾರಕ್ಕೆ ಹೆಸರು ಕೊಟ್ಟವರಿಂದ ಅದಕ್ಕಿಂತ ಕಡಿಮೆ ಕೇಳುವುದು ಅನ್ಯಾಯ. ಆ ಅನ್ಯಾಯವನ್ನು ಸರಿಪಡಿಸುವ ಕಲಮು ಬರೆಯುವುದು ಕಷ್ಟವಲ್ಲ, ಅದನ್ನು ಸಂಸತ್ತಿನ ಮುಂದೆ ತರುವ ಮನಸ್ಸು ಬೇಕು.